ಏರಿಸುವುದು ಸಲೀಸು, ಇಳಿಸಿ ತರುವುದೇ ಕೆಲಸ

(ಸಣ್ಣ ಮಕ್ಕಳನ್ನು ಕರೆದುಕೊಂಡು ಕಠಿಣ ಗುಡ್ಡಗಳನ್ನು ಏರುವ ಬಗ್ಗೆ ಬೆಳಗಾವಿಯಲ್ಲಿ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬಂದ ಪಾಲಕರು ಒಳಗೆ ಕಾಲಿಡುವಾಗಲೇ ಕೇಳುವ ಪ್ರಶ್ನೆ ಒಂದಿದೆ: "ನಮ್ಮ ಹುಡುಗಗ ಆರು ವರ್ಷರೀ, ಕಳಸೂಬಾಯಿ ಏರ್‍ತಾನೇನ್ರಿ?" ಏರುತ್ತಾನೆ. ಆರು ವರ್ಷದ ಹುಡುಗ ಹಗುರ ಇರುತ್ತಾನೆ, ಹುಮ್ಮಸ್ಸಿನಲ್ಲಿರುತ್ತಾನೆ, ಬೆಳಗಿನ ತಂಪಿನಲ್ಲಿ ನಿಮ್ಮನ್ನೇ ಹಿಂದೆ ಹಾಕುತ್ತಾನೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಅದು, 1,646 ಮೀಟರ್. ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿ ಜೋಡಿಸಿದ್ದಾರೆ. ನೀವು ಕೇಳಿಕೊಳ್ಳಬೇಕಾದದ್ದು ಮುಂದಿನದು: ಮಧ್ಯಾಹ್ನ ಎರಡು ಗಂಟೆಗೆ, ತೊಡೆ ನಡುಗುತ್ತಿರುವಾಗ, ಕಣ್ಣು ಎಳೆಯುತ್ತಿರುವಾಗ, ಅದೇ ಹುಡುಗ ಅದೇ ಏಣಿಗಳನ್ನು ಇಳಿಯುತ್ತಾನೆಯೇ?

ಇವತ್ತಿನ ಮಾತೆಲ್ಲ ಆ ಎರಡು ಗಂಟೆಯ ಸುತ್ತಲೇ.

ಮೊದಲು ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ. ಐದು ಕಿಲೋಮೀಟರ್ ನಡಿಗೆಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಅಂದರೆ ಐದು ಕಿಲೋಮೀಟರ್ ದೂರ, 600 ಮೀಟರ್ ಎತ್ತರದ ಗುಡ್ಡ ಗಟ್ಟಿಮುಟ್ಟಾದ ಹಿರಿಯರಿಗೆ ಎರಡು ತಾಸಿನ ಕೆಲಸ. ಐದರಿಂದ ಏಳು ವರ್ಷದ ಮಕ್ಕಳಿದ್ದರೆ ಅದನ್ನು ಇಮ್ಮಡಿ ಮಾಡಿ, ಕೂಡುವ ನಿಲ್ಲುವ ಹೊತ್ತಿಗೆ ಅರ್ಧ ತಾಸು ಸೇರಿಸಿ. ನಾಲ್ಕೂವರೆ ಆಯಿತು. ಮೇಲೆ ಬುತ್ತಿ ಬಿಚ್ಚಲು ಒಂದು ತಾಸು. ಇಳಿಯಲು ಎಷ್ಟು? ಹಿರಿಯರು ಏರಿದ್ದಕ್ಕಿಂತ ಬೇಗ ಇಳಿಯುತ್ತಾರೆ, ಹಾಗಾಗಿ ಎರಡು ತಾಸು ಸಾಕೆಂದು ಬರೆದುಕೊಳ್ಳುತ್ತಾರೆ. ತಪ್ಪುವುದು ಇಲ್ಲೇ. ಸಣ್ಣ ಮಕ್ಕಳ ಜೊತೆ ಮೂರೂವರೆ ಹಿಡಿಯಿರಿ. ಒಟ್ಟು ಒಂಬತ್ತು ತಾಸು.

ಬೆಳಿಗ್ಗೆ ಆರೂವರೆಗೆ ಬುಡ ಬಿಟ್ಟರೆ ಮೂರೂವರೆಗೆ ಕೆಳಗೆ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಎರಡೂವರೆ ತಾಸು ಕೈಯಲ್ಲಿ ಉಳಿಯಿತು. ಅದು ಉಳುಕಿದ ಕಾಲಿಗೆ, ತಪ್ಪಿದ ದಾರಿಗೆ ಇಟ್ಟ ಗಂಟು, ಮೇಲೆ ಫೋಟೊ ತೆಗೆಯಲು ಖರ್ಚು ಮಾಡುವಂಥದ್ದಲ್ಲ. ಅದೇ ಬೆಳಗಾವಿಯಿಂದ ನಸುಕಿನಲ್ಲಿ ಹೊರಟು, ದಾರಿಯಲ್ಲಿ ನಾಷ್ಟಾ ಮಾಡಿ, ಒಂಬತ್ತೂವರೆಗೆ ಏರಲು ಶುರುಮಾಡಿದರೆ ಕೊನೆಯ ಅರ್ಧ ತಾಸು ಕತ್ತಲೆಯಲ್ಲಿ. ದೂರದ ಗುಡ್ಡವಾದರೆ ಹಿಂದಿನ ರಾತ್ರಿಯೇ ಬುಡದ ಊರಿನಲ್ಲಿ ವಸ್ತಿ ಮಾಡಿ. ಈ ಒಂದು ಖರ್ಚಿನಲ್ಲಿ ಕೈ ಬಿಗಿ ಹಿಡಿಯಬೇಡಿ.

ಹಿಂದಿರುಗುವ ಗಂಟೆಯನ್ನು ಬುಡದಲ್ಲೇ ಗಟ್ಟಿ ಮಾಡಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ಹನ್ನೊಂದಕ್ಕೆ ತುದಿ ಮುಟ್ಟಬೇಕು; ಹನ್ನೊಂದೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗುವುದು. ಮಕ್ಕಳಿಗೂ ಮೊದಲೇ ಹೇಳಿ. ತುದಿ ಕಣ್ಣಿಗೆ ಕಂಡ ಮೇಲೆ ಹಟ ಹಿಡಿಯುವವರು ಮಕ್ಕಳಿಗಿಂತ ಅಪ್ಪಂದಿರೇ ಹೆಚ್ಚು. "ಇಷ್ಟು ದೂರ ಬಂದೀವಿ" ಎಂಬ ಮಾತು ಬಂತೆಂದರೆ ಎಚ್ಚರವಾಗಿ.

ಇನ್ನು ವಯಸ್ಸು. ಆರು ತಿಂಗಳೊಳಗಿನ ಕೂಸನ್ನು ಬಿಡಿ, ಮನೆಯಲ್ಲಿರಲಿ. ಕತ್ತು ಗಟ್ಟಿಯಾಗಿ, ತಾನೇ ಕೂಡಲು ಬಂದ ಮೇಲೆ, ಕೂಸನ್ನು ಕೂಡಿಸಿಕೊಂಡು ಹೊರುವ ಬೆನ್ನಿನ ಕ್ಯಾರಿಯರ್ ಆಗುತ್ತದೆ. ಐದರ ಮೇಲಿನವರು ನಡೆಯುತ್ತಾರೆ. ಎಲ್ಲಕ್ಕಿಂತ ತ್ರಾಸಿನ ವಯಸ್ಸು ಮೂರು, ನಾಲ್ಕು. ನಡೆಯುತ್ತೇನೆ ಎಂದು ಇಳಿಯುತ್ತದೆ, ನೂರು ಹೆಜ್ಜೆಗೆ ಎತ್ತಿಕೋ ಎನ್ನುತ್ತದೆ. ಮೂರು ವರ್ಷದ ಕೂಸು 13-14 ಕಿಲೊ, ಚೌಕಟ್ಟಿನ ಕ್ಯಾರಿಯರ್ ಮೂರು ಕಿಲೊ, ಮೂರು ಲೀಟರ್ ನೀರು ಮೂರು ಕಿಲೊ: ಇಪ್ಪತ್ತು ಕಿಲೊ ಆಯಿತು. ಬಹುತೇಕ ಕ್ಯಾರಿಯರ್‌ಗಳ ಮಿತಿಯೂ ಹೆಚ್ಚುಕಡಿಮೆ ಅಷ್ಟೇ, ನಿಮ್ಮ ಮೊಣಕಾಲಿನ ಮಿತಿಯೂ ಅಷ್ಟೇ. ಈ ವಯಸ್ಸಿನವರಿಗೆ ಕಠಿಣ ಶಿಖರ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ವರ್ಷ ತಡೆಯಿರಿ, ಗುಡ್ಡ ಎಲ್ಲಿಗೂ ಹೋಗುವುದಿಲ್ಲ.

ಕ್ಯಾರಿಯರ್ ಬಗ್ಗೆ ನಾಲ್ಕು ಮಾತು. ಹೊತ್ತವರು ಬೆವರುತ್ತಿರುತ್ತಾರೆ, ಹೊರಿಸಿಕೊಂಡ ಕೂಸು ಅಲುಗಾಡದೆ ಕೂತಿರುತ್ತದೆ. ಗುಡ್ಡದ ನೆತ್ತಿಯ ಗಾಳಿಯಲ್ಲಿ ನಿಮಗೆ ಸೆಕೆ, ಅದಕ್ಕೆ ಚಳಿ. ಹಾಗಾಗಿ ನಿಮ್ಮ ಮೈ ನೋಡಿ ಅದರ ಅಂಗಿ ನಿರ್ಧರಿಸಬೇಡಿ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ, ಗಾಳಿ ಬೇರೆ. ಜೋತುಬಿದ್ದ ಕಾಲುಗಳಲ್ಲಿ ರಕ್ತದ ಓಡಾಟ ಮಂದವಾಗುತ್ತದೆ; ಮುಕ್ಕಾಲು ತಾಸಿಗೊಮ್ಮೆ ಇಳಿಸಿ ಓಡಾಡಿಸಿ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಗಾಗಬೇಕು. ನಿದ್ದೆ ಹೋದಾಗ ಗದ್ದ ಎದೆಗೆ ಒತ್ತಿಕೊಂಡಿದ್ದರೆ ತಕ್ಷಣ ಸರಿಮಾಡಿ, ಉಸಿರಿನ ದಾರಿ ಕಿರಿದಾಗುತ್ತದೆ. ನಿಮ್ಮ ತಲೆಗಿಂತ ಅದರ ತಲೆ ಮೇಲಿರುತ್ತದೆ, ನೀವು ದಾಟಿದ ಟೊಂಗೆ ಅದರ ಹಣೆಗೆ ಬಡಿಯುತ್ತದೆ. ಕೆಳಗಿಡುವಾಗ ಕ್ಯಾರಿಯರ್‌ನ ಊರುಗಾಲು (ಸ್ಟ್ಯಾಂಡ್) ಪೂರ್ತಿ ತೆರೆದು ಸಪಾಟು ನೆಲದ ಮೇಲೇ ಇಡಿ, ಬಂಡೆಯ ಮೇಲೆ ಬೇಡ. ಏಣಿ ಇರುವಲ್ಲಿ ಕ್ಯಾರಿಯರ್ ಬೇಡವೇ ಬೇಡ. ಎದೆಗೆ ಕಟ್ಟಿಕೊಂಡರೆ ಇಳಿಯುವಾಗ ನಿಮ್ಮ ಪಾದ ನಿಮಗೇ ಕಾಣುವುದಿಲ್ಲ. ಹೆಗಲ ಮೇಲೆ ಕೂಡಿಸಿಕೊಂಡು ಇಳಿಯುವುದನ್ನು ಜಾತ್ರೆಗೆ ಇಟ್ಟುಕೊಳ್ಳಿ.

ಈಗ ಇಳಿಜಾರಿಗೆ ಬರೋಣ.

ನಾಲ್ಕು ವರ್ಷದ ಕೂಸು ಅಂದಾಜು ಒಂದು ಮೀಟರ್ ಎತ್ತರ. ಹಳೆಯ ಕೋಟೆಗಳ ಮೆಟ್ಟಿಲು ಸಲೀಸಾಗಿ 30 ಸೆಂಟಿಮೀಟರ್ ಇರುತ್ತದೆ. ಐದಡಿ ಐದಿಂಚಿನ ಹಿರಿಯರಿಗೆ ಅದನ್ನು ಹಿಗ್ಗಿಸಿ ನೋಡಿದರೆ 50 ಸೆಂಟಿಮೀಟರ್, ಅಂದರೆ ಪ್ರತಿ ಹೆಜ್ಜೆಗೂ ಕುರ್ಚಿಯಿಂದ ಕೆಳಗಿಳಿದಷ್ಟು. ಸಣ್ಣವರ ಮೈಗೆ ಹೋಲಿಸಿದರೆ ತಲೆ ದೊಡ್ಡದು, ತೂಕ ಮೇಲ್ಗಡೆ ಕೂಡಿರುತ್ತದೆ; ಮುಗ್ಗರಿಸಿದರೆ ಮುಖವೇ ಮೊದಲು. ಇನ್ನೊಂದು ಸಂಗತಿ: ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ದುಡಿಯುತ್ತದೆ, ಇಳಿಯುವಾಗ ಹಿಗ್ಗುತ್ತ ಬ್ರೇಕಿನಂತೆ ದುಡಿಯುತ್ತದೆ. ಈ ಬ್ರೇಕಿನ ಕೆಲಸ ಏದುಸಿರು ತರುವುದಿಲ್ಲ, ಹಾಗಾಗಿ ದಣಿದದ್ದು ಹುಡುಗನಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಮೊಣಕಾಲು ತಾನಾಗಿ ಮಡಚಿದಾಗಲೇ ಗೊತ್ತಾಗುವುದು.

ಇಳಿಯುವ ಬಗೆ ಮೂರು. ಸಾಧಾರಣ ಇಳಿಜಾರಿನಲ್ಲಿ ಅಡ್ಡಲಾಗಿ ನಿಂತು, ಪಾದ ಪೂರ್ತಿ ಊರಿ, ಗಿಡ್ಡ ಹೆಜ್ಜೆ. ಎತ್ತರದ ಒಂದೆರಡು ಮೆಟ್ಟಿಲಿದ್ದರೆ ಕೂತು, ಎರಡೂ ಕೈ ಹಿಂದೆ ಊರಿ, ಕಾಲು ಇಳಿಬಿಟ್ಟು ಜಾರುವುದು. ಚಡ್ಡಿ ಹರಿದರೂ ಚಿಂತೆಯಿಲ್ಲ. ಬಂಡೆ ಗೋಡೆಯಂತೆ ನಿಂತಿದ್ದರೆ, ಏಣಿ ಇದ್ದರೆ, ಮುಖ ಬಂಡೆಯ ಕಡೆ ಮಾಡಿ ಹಿಮ್ಮುಖವಾಗಿ. ಕೈ ಎರಡು, ಕಾಲು ಎರಡು. ನಾಲ್ಕರಲ್ಲಿ ಮೂರು ಯಾವಾಗಲೂ ಹಿಡಿತದಲ್ಲಿ, ಒಂದು ಮಾತ್ರ ಸರಿಯಬೇಕು. ಈ ಮೂರನ್ನೂ ಮನೆಯ ಮಾಳಿಗೆಯ ಮೆಟ್ಟಿಲ ಮೇಲೆ ಆಟದಂತೆ ಕಲಿಸಬಹುದು.

ನೀವು ಯಾವಾಗಲೂ ಮಗುವಿನ ಕೆಳಗಿರಬೇಕು. ಒಂದು ಮೆಟ್ಟಿಲು ಕೆಳಗೆ, ಅದರ ಕಡೆ ಮುಖ ತಿರುಗಿಸಿ, ಸೊಂಟದ ಹತ್ತಿರ ಕೈ ಸಿದ್ಧ ಇಟ್ಟು. ಏಣಿಯಲ್ಲೂ ಅಷ್ಟೇ: ನಿಮ್ಮ ಎರಡು ತೋಳಿನ ನಡುವೆ ಮಗುವಿನ ಕಾಲು. ಗುಡ್ಡದ ಅಡ್ಡಗಾಲುದಾರಿಯಲ್ಲಿ ನೀವು ಕಣಿವೆಯ ಕಡೆ, ಮಗು ಗುಡ್ಡದ ಕಡೆ. ಸಡಿಲ ಕಲ್ಲಿನ ಅಂಕುಡೊಂಕು ದಾರಿಯಲ್ಲಿ ಗುಂಪು ಹತ್ತಿರ ಹತ್ತಿರ ಇರಲಿ. ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ವೇಗ ಪಡೆಯುವ ಮೊದಲೇ ಯಾರದಾದರೂ ಬೂಟಿಗೆ ತಾಗಿ ನಿಲ್ಲುತ್ತದೆ.

ಕೈ ಹಿಡಿಯುವ ವಿಷಯ. ಮಗು ಜಾರಿತು, ನೀವು ಮಣಿಕಟ್ಟು ಹಿಡಿದು ಮೇಲಕ್ಕೆ ಜಗ್ಗಿದಿರಿ. ಐದರೊಳಗಿನ ಮಕ್ಕಳಲ್ಲಿ ಮೊಣಕೈಯ ಸಣ್ಣ ಎಲುಬಿನ ತಲೆ ಅದನ್ನು ಸುತ್ತಿದ ಪಟ್ಟಿಯಿಂದ ಜಾರುವುದು ಹೀಗೆಯೇ. ಬಾವು ಇರುವುದಿಲ್ಲ, ಗಾಯ ಇರುವುದಿಲ್ಲ. ಕೂಸು ಆ ಕೈ ಎತ್ತುವುದೇ ಇಲ್ಲ, ಹೊಟ್ಟೆಗೆ ಒತ್ತಿ ಹಿಡಿದು ಅಳುತ್ತದೆ. ವೈದ್ಯರು ನಿಮಿಷದಲ್ಲಿ ಕೂಡಿಸುತ್ತಾರೆ, ನೀವು ತಿರುಗಿಸಲು ಹೋಗಬೇಡಿ. ಇದಾಗದಂತೆ ಮಾಡುವುದು ಸಲೀಸು: ಮಣಿಕಟ್ಟು ಬಿಟ್ಟು ರಟ್ಟೆ ಹಿಡಿಯಿರಿ, ಇಲ್ಲವೇ ಕಂಕುಳಿಗೆ ಕೈ ಹಾಕಿ. ಮಗುವಿನ ಬೆನ್ನಚೀಲಕ್ಕೆ ಎದೆಪಟ್ಟಿ ಇದ್ದರೆ ಮೇಲಿನ ಹಿಡಿಕೆ ಹಿಡಿದರೂ ಆಯಿತು. ಕೆಲವರು ಹಗ್ಗ ತಂದು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಹಗ್ಗದ ತರಬೇತಿ ಇಲ್ಲದವರು ಕಟ್ಟಿಕೊಂಡರೆ ಒಬ್ಬರು ಬೀಳುವಲ್ಲಿ ಇಬ್ಬರು ಬೀಳುತ್ತಾರೆ.

ಬೂಟಿನ ತುದಿಗೂ ಹೆಬ್ಬೆರಳಿಗೂ ನಡುವೆ ನಿಮ್ಮ ಹೆಬ್ಬೆರಳಿನ ಅಗಲ ಜಾಗ ಇರಬೇಕು. ಕಡಿಮೆ ಇದ್ದರೆ ಏರುವಾಗ ಏನೂ ಆಗುವುದಿಲ್ಲ; ಇಳಿಯುವಾಗ ಪ್ರತಿ ಹೆಜ್ಜೆಗೂ ಉಗುರು ತುದಿಗೆ ಗುದ್ದಿ ಸಂಜೆಗೆ ಕಪ್ಪಾಗುತ್ತದೆ. ಎರಡು ದಿನ ಮೊದಲೇ ಉಗುರು ನೇರವಾಗಿ ಕತ್ತರಿಸಿ. ತುದಿಯಲ್ಲಿ ಬೂಟು ಬಿಚ್ಚಿ, ಕಾಲುಚೀಲ ಬದಲಿಸಿ, ಹಿಮ್ಮಡಿ ಹಿಂದಕ್ಕೆ ಒತ್ತಿ ಲೇಸು ಬಿಗಿದು ಕಟ್ಟಿ. ಶಾಲೆಯ ಕ್ಯಾನ್ವಾಸ್ ಬೂಟು ಒದ್ದೆಯಾದ ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಬಾದಾಮಿಯ ಮರಳುಗಲ್ಲಿನ ಗುಣ ಬೇರೆ: ಒಣಗಿದ್ದಾಗ ಹಿಡಿತ ಚೆನ್ನ, ಆದರೆ ಅದರಿಂದ ಉದುರಿದ ಮರಳಕಣ ಹಾಸುಬಂಡೆಯ ಮೇಲೆ ಗುಂಡಿನಂತೆ ಉರುಳುತ್ತದೆ.

ನೀರು. ಆರು ವರ್ಷದವರಿಗೆ ತಾಸಿಗೆ 300 ಮಿಲಿಲೀಟರ್, ಬಿಸಿಲಿದ್ದರೆ 400. ಹಿರಿಯರಿಗೆ ಅರ್ಧ ಲೀಟರ್. ಏಳು ತಾಸು ನಡೆಯುವ ಇಬ್ಬರು ಹಿರಿಯರು, ಒಂದು ಮಗು ಎಂದರೆ ಒಂಬತ್ತು ಲೀಟರ್ ಮೇಲಾಯಿತು, ಅಂದರೆ ಒಂಬತ್ತು ಕಿಲೊ. ದಾರಿಯಲ್ಲಿ ನಂಬುವಂಥ ನೀರಿದೆಯೇ ಎಂದು ಊರವರನ್ನು ಮೊದಲೇ ಕೇಳಬೇಕಾದದ್ದು ಇದಕ್ಕೇ. ಬಾಯಾರಿತೇ ಎಂದು ಕೇಳಬೇಡಿ, "ಇಲ್ಲ" ಎನ್ನುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ ಒಂದು ಲೀಟರಿಗೆ ಅಳೆದದ್ದು. ಅರ್ಧ ಪೊಟ್ಟಣ ಅಂದಾಜಿನಲ್ಲಿ ಸುರಿಯುವುದು ಬೇಡ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ತಿನ್ನಲು ನಮ್ಮ ಕಡೆ ಕೊರತೆಯೇ? ಕಡಕ್ ರೊಟ್ಟಿ, ಬೇಸನ್ ಉಂಡಿ, ಒಣ ಖರ್ಜೂರ. ಆದರೆ ಒಂದು ಎಚ್ಚರ. ಕರದಂಟು, ಶೇಂಗಾ ಚಿಕ್ಕಿ ಹಿರಿಯರಿಗೆ ಬಹಳ ಒಳ್ಳೆಯ ಬುತ್ತಿ; ಐದರೊಳಗಿನ ಮಗು ಏದುಸಿರಿನಲ್ಲಿ ನಡೆಯುತ್ತ ಇಡೀ ಶೇಂಗಾ ಕಾಳು ಬಾಯಿಗೆ ಹಾಕಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಅವರಿಗೆ ಶೇಂಗಾ ಹುರಿದು ಸಣ್ಣಗೆ ಕುಟ್ಟಿ ಬೆಲ್ಲ ಸೇರಿಸಿದ ಉಂಡಿ ಮಾಡಿ, ಕೂತಾಗ ಮಾತ್ರ ಕೊಡಿ. ಕುಂದಾ ಹಾಲಿನದು, ಬಿಸಿಲಿಗೆ ಕೆಡುತ್ತದೆ. ಮನೆಗೆ ಬಂದ ಮೇಲೆ ತಿನ್ನಿ.

ತಯಾರಿಗೆ ಎಂಟು ವಾರ ಸಾಕು. ಮೊದಲ ಎರಡು ವಾರ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಂಥ ಸಪಾಟು ಜಾಗದಲ್ಲಿ ಮೂರು ಕಿಲೋಮೀಟರ್ ನಡಿಗೆ, ಅದೇ ಬೂಟು, ಅದೇ ಚೀಲ. ಮಗುವಿನ ಚೀಲ ಅದರ ತೂಕದ ಹತ್ತರಲ್ಲೊಂದು ಭಾಗ ದಾಟಬಾರದು. ಇಪ್ಪತ್ತು ಕಿಲೊ ಹುಡುಗನಿಗೆ ಎರಡು ಕಿಲೊ. ಆಮೇಲೆ ಯಳ್ಳೂರಿನ ರಾಜಹಂಸಗಡ. ನಂತರ ಸಂಕೇಶ್ವರದ ಹತ್ತಿರದ ವಲ್ಲಭಗಡ, ಚಂದಗಡ ಭಾಗದ ಕಲಾನಂದಿಗಡ. ಕೊನೆಗೆ ಬಾದಾಮಿಯ ಉತ್ತರದ ಕೋಟೆ. ವಸ್ತುಸಂಗ್ರಹಾಲಯದ ಪಕ್ಕದಿಂದ ಬಂಡೆಗಳ ಸೀಳಿನಲ್ಲಿ ಮೇಲಿನ ಶಿವಾಲಯಕ್ಕೆ ಹೋಗುವ ಮೆಟ್ಟಿಲುಗಳು ಇಳಿಯುವುದನ್ನು ಕಲಿಸಲು ಹೇಳಿ ಮಾಡಿಸಿದಂತಿವೆ. ಪ್ರತಿ ಗುಡ್ಡದಲ್ಲೂ ಒಂದೇ ಪರೀಕ್ಷೆ: ಇಳಿದ ಮರುದಿನ ಹುಡುಗ ಮನೆಯ ಮೆಟ್ಟಿಲನ್ನು ಎಂದಿನಂತೆ ಇಳಿದರೆ ಮುಂದಿನ ಗುಡ್ಡ, ಕಠಡೆ ಹಿಡಿದು ಒಂದೊಂದೇ ಕಾಲು ಇಟ್ಟರೆ ಅದೇ ಗುಡ್ಡ ಇನ್ನೊಮ್ಮೆ.

ಬಾದಾಮಿಯಲ್ಲಿ ಮಂಗಗಳ ಕಾಟ. ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಿಸ್ಕಿಟ್ ಬೇಡ. ಕಸಿದರೆ ಬಿಟ್ಟುಬಿಡಿ, ಹಲ್ಲು ತೋರಿಸಿ ನಗಬೇಡಿ, ಕಣ್ಣಲ್ಲಿ ಕಣ್ಣಿಡಬೇಡಿ. ಪರಚಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ. ಮೇಲೆ ಅಂಚಿಗೆ ಎಲ್ಲ ಕಡೆ ತಡೆಗೋಡೆ ಇಲ್ಲ. ಕೂಡುವಾಗ ಅಂಚಿಗೂ ಮಗುವಿಗೂ ನಡುವೆ ಒಬ್ಬ ಹಿರಿಯರು ಕೂಡಬೇಕು. ಬಾಗಲಕೋಟೆ, ವಿಜಯಪುರದ ಬಂಡೆಗುಡ್ಡಗಳಿಗೆ ನವೆಂಬರಿನಿಂದ ಜನವರಿ. ಮಾರ್ಚ್ ಬಂದರೆ ಬಿಸಿಲಿನ ಜೊತೆ ಬಂಡೆಯೂ ಕಾವು ಕಾರುತ್ತದೆ, ಅದು ಮಗುವಿನ ಎತ್ತರಕ್ಕೇ ಹೆಚ್ಚು ತಾಗುವುದು.

ಖಾನಾಪುರದ ಕಡೆಗೆ, ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ಭಾಗಕ್ಕೆ ಮಳೆಗಾಲದಲ್ಲಿ ಮಕ್ಕಳನ್ನು ಏರಿಸಲು ಒಯ್ಯಬೇಡಿ. ಇಂಬಳ ಹತ್ತಿದರೆ ಉಗುರಿನಿಂದ ಅದರ ಬಾಯಿಯ ಪಕ್ಕ ಮೆಲ್ಲಗೆ ಸರಿಸಿ. ಬೆಂಕಿ, ಉಪ್ಪು ಬೇಡ, ಕುಡಿದದ್ದನ್ನು ಗಾಯಕ್ಕೇ ಕಾರುತ್ತದೆ. ಬೇಸಿಗೆಯಲ್ಲಿ ಉಣ್ಣಿಯ ಕಾಟ. ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಗಡಿಯಾಚೆ ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿದೆ. ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲಿನ ಅಂಚು ನೋಡಲೇಬೇಕು. ಉಣ್ಣಿ ಕಂಡರೆ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ತಿರುಚಬೇಡಿ. ಭೀಮಗಡ ವನ್ಯಜೀವಿಧಾಮ, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಕುದುರೆಮುಖಕ್ಕೂ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು.

ಹೆಜ್ಜೇನು ಕಂಡರೆ ಮಾತು ನಿಲ್ಲಿಸಿ, ಬಂದ ದಾರಿ ಹಿಡಿಯಿರಿ. ಅತ್ತರು ಹಚ್ಚಿಕೊಂಡು ಗುಡ್ಡಕ್ಕೆ ಬರಬೇಡಿ. ಎದ್ದೇಬಿಟ್ಟರೆ ಮಗುವಿನ ಮುಖ ಮುಚ್ಚಿ ಎತ್ತಿಕೊಂಡು ದೂರ ಓಡಿ; ನಿಂತು ಕೈ ಬೀಸಬೇಡಿ. ವಿಷದ ಭಾರ ತೂಕದ ಮೇಲೆ ಹೋಗುತ್ತದೆ. ನಿಮಗೆ ತಡೆಯುವಷ್ಟು ಚುಚ್ಚು ಹದಿನೈದು ಕಿಲೊದ ಕೂಸಿಗೆ ತಡೆಯುವುದಿಲ್ಲ.

ಪ್ರಶ್ನೆಗಳಿಗೆ ಬರೋಣ.

"ಎಷ್ಟು ಮಂದಿ ಹಿರಿಯರು ಬೇಕು?" ಆರರೊಳಗಿನ ಪ್ರತಿ ಮಗುವಿಗೆ ಒಬ್ಬರು. ಆರರಿಂದ ಒಂಬತ್ತರವರೆಗೆ ಇಬ್ಬರು ಮಕ್ಕಳಿಗೆ ಒಬ್ಬರು. ಇದರ ಮೇಲೆ ಒಬ್ಬರು ಹೆಚ್ಚಿಗೆ. ಎಲ್ಲರಿಗಿಂತ ನಿಧಾನ ನಡೆಯುವ ಮಗು ಮುಂದೆ, ಅದರ ಗತಿಯೇ ಗುಂಪಿನ ಗತಿ.

"ಹುಡುಗ ಗುಂಪಿನಿಂದ ತಪ್ಪಿಸಿಕೊಂಡರೆ?" ಹೊರಡುವ ಮೊದಲೇ ಒಂದು ಮಾತು ಕಲಿಸಿ: "ದಾರಿ ತಪ್ಪಿದರ ಗಿಡ ಅಪ್ಪಿ ಕೂಡ್ರು." ಹುಡುಕುತ್ತ ಅಲೆಯುವ ಮಗು ದೂರವಾಗುತ್ತದೆ, ಕೂತ ಮಗು ಸಿಗುತ್ತದೆ. ಕೊರಳಲ್ಲಿ ಸೀಟಿ: ಮೂರು ಸಲ ಊದು, ತಡೆ, ಮತ್ತೆ ಮೂರು ಸಲ. ಅಂಗಿಯ ಒಳಬದಿಗೆ ಫೋನ್ ನಂಬರ್ ಬರೆದಿರಲಿ. ಅಂಗಿ ಕೇಸರಿಯೋ ಹಳದಿಯೋ ಇರಲಿ, ಹಸಿರು ಬೇಡ.

"ಜ್ವರದ ಔಷಧ?" ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಹಳೆಯ ಬಾಟಲಿಯ ಅಳತೆಯಲ್ಲಿ ಹೊಸ ಬಾಟಲಿ ಕುಡಿಸಿದರೆ ಇಮ್ಮಡಿಯಾಗುತ್ತದೆ. ತೂಕಕ್ಕೆ ತಕ್ಕ ಪ್ರಮಾಣವನ್ನು ನಿಮ್ಮ ವೈದ್ಯರಿಂದ ಬರೆಸಿ ಬಾಟಲಿಗೇ ಅಂಟಿಸಿ.

"ಹಿಮಾಲಯಕ್ಕೆ ಒಯ್ಯಬಹುದೇ?" ನಮ್ಮ ಸಹ್ಯಾದ್ರಿಯಲ್ಲಿ ಎತ್ತರದ ಕಾಯಿಲೆಯ ಮಾತೇ ಇಲ್ಲ. ಅಲ್ಲಿ 2,500 ಮೀಟರ್ ದಾಟಿದರೆ ಶುರು. ಹಿರಿಯರು ತಲೆನೋವು ಎನ್ನುತ್ತಾರೆ. ಸಣ್ಣ ಕೂಸು ಬರೀ ಕಿರಿಕಿರಿ ಮಾಡುತ್ತದೆ, ಊಟ ಒಲ್ಲೆ ಎನ್ನುತ್ತದೆ, ನೀವು ಹಟ ಎಂದುಕೊಳ್ಳುತ್ತೀರಿ. ಮಾತು ಬಾರದ ವಯಸ್ಸಿನವರನ್ನು ಅಷ್ಟು ಮೇಲೆ ಮಲಗಿಸುವುದು ಬೇಡ ಎನ್ನುತ್ತೇವೆ.

"ಅರ್ಧ ದಾರಿಗೆ ಕೂತು ಒಲ್ಲೆ ಅಂದರೆ?" ಬೈಯುವ ಮೊದಲು ಬೂಟು ಬಿಚ್ಚಿ ನೋಡಿ, ಒಳಗೆ ಹರಳು ಇರಬಹುದು. ನೀರು, ಬೆಲ್ಲ ಕೊಡಿ. ಒಂದಕ್ಕೆ ಬಂದಿದೆಯೇ ಕೇಳಿ. ಕತ್ತು ಮುಟ್ಟಿ ಚಳಿಯೋ ಸೆಕೆಯೋ ನೋಡಿ. ಹತ್ತು ನಿಮಿಷ ಕೂಡಿ. ಸಣ್ಣವರು ಬೇಗ ಸೋಲುತ್ತಾರೆ, ಅಷ್ಟೇ ಬೇಗ ಎದ್ದು ಓಡುತ್ತಾರೆ. ಅಷ್ಟಾದರೂ ಏಳದಿದ್ದರೆ, ಹಾಡುತ್ತಿದ್ದ ಮಗು ಮಾತೇ ಬಿಟ್ಟಿದ್ದರೆ, ಆ ಹೆಚ್ಚಿನ ಹಿರಿಯರು ಅದನ್ನು ಕರೆದುಕೊಂಡು ಇಳಿಯಬೇಕು. ಉಳಿದವರ ದಾರಿ ಕಾಯುತ್ತ ಇಬ್ಬರೂ ಬಿಸಿಲಿನಲ್ಲಿ ನಿಲ್ಲದಂತೆ, ಕಾರಿನ ಕೀಲಿ ಬೆಳಗಿನಿಂದಲೇ ಅವರ ಕಿಸೆಯಲ್ಲಿರಲಿ.